ವರದಿಯಲ್ಲಿರುವ ಬೆನ್ನು, ಮೈಯಲ್ಲಿರುವ ಬೆನ್ನು



ಬೆನ್ನೆಲುಬಿನ ಸವೆತದ ಬಗ್ಗೆ ಮಾತನಾಡಲು ನನ್ನನ್ನು ಕರೆದು, ಕೇಳಲು ಬಂದವರಿಗೆ ಕಬ್ಬಿಣದ ಮಡಚುವ ಕುರ್ಚಿ ಹಾಕಿಸಿದ್ದೀರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ನಡುವೆ ಎದ್ದು ನಿಲ್ಲಬೇಕೆನಿಸಿದವರು ನಿಲ್ಲಿ, ಹಿಂದುಗಡೆ ಹೋಗಿ ನಾಲ್ಕು ಹೆಜ್ಜೆ ಓಡಾಡಿ ಬನ್ನಿ. ಭಾಷಣಕಾರನಿಗೆ ಅವಮಾನವಾಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದರಲ್ಲಿ ಅರ್ಧ ಅದೇ.

ಎಲುಬನ್ನು ನೋಡಿ ಮನುಷ್ಯನನ್ನು ಊಹಿಸಲು ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪ್ರಸಂಗವಿದೆ. 1908ರಲ್ಲಿ ಫ್ರಾನ್ಸಿನ ಲಾ ಶಾಪೆಲ್-ಓ-ಸ್ಯಾಂ ಎಂಬ ಹಳ್ಳಿಯ ಗುಹೆಯಲ್ಲಿ ನಿಯಾಂಡರ್ತಾಲ್ ಗಂಡಸೊಬ್ಬನ ಅಸ್ಥಿಪಂಜರ ಸಿಕ್ಕಿತು. ಮಾರ್ಸೆಲಾಂ ಬೂಲ್ ಎಂಬ ದೊಡ್ಡ ವಿದ್ವಾಂಸರು ಅದನ್ನು ಪರೀಕ್ಷಿಸಿ ಗ್ರಂಥ ಬರೆದರು. ಬಾಗಿದ ಬೆನ್ನು, ಮಡಚಿದ ಮೊಣಕಾಲು, ಮುಂದಕ್ಕೆ ಚಾಚಿದ ತಲೆ. ನಿಯಾಂಡರ್ತಾಲ್ ಎಂದರೆ ಅರ್ಧ ಮಂಗ, ಅರ್ಧ ಮನುಷ್ಯ ಎಂಬ ಚಿತ್ರ ಆಮೇಲೆ ಎಷ್ಟೋ ಕಾಲ ಪುಸ್ತಕಗಳಲ್ಲೂ ವಸ್ತುಸಂಗ್ರಹಾಲಯಗಳಲ್ಲೂ ಓಡಾಡಿತು. 1957ರಲ್ಲಿ ವಿಲಿಯಂ ಸ್ಟ್ರಾಸ್ ಮತ್ತು ಎ.ಜೆ.ಇ. ಕೇವ್ ಅವರು ಅವೇ ಎಲುಬುಗಳನ್ನು ಮತ್ತೆ ನೋಡಿದರು. ಆ ಮುದುಕನ ಬೆನ್ನೆಲುಬಿನಲ್ಲಿ ವಿಪರೀತ ಸಂಧಿವಾತವಿತ್ತು! ಆರೋಗ್ಯವಂತ ನಿಯಾಂಡರ್ತಾಲ್ ನಮ್ಮ ನಿಮ್ಮಂತೆಯೇ ನೆಟ್ಟಗೆ ನಿಲ್ಲುತ್ತಿದ್ದ ಎಂದು ಅವರು ಬರೆದರು. ತಪ್ಪೆಲ್ಲ ಸಂಧಿವಾತದ್ದಲ್ಲ, ಬೂಲ್ ಅವರ ಪೂರ್ವಗ್ರಹವೂ ಅದರಲ್ಲಿ ಸೇರಿತ್ತು ಎಂದು ನಂತರದವರು ತಿದ್ದಿದ್ದಾರೆ. ಅದೇನೇ ಇರಲಿ, ಒಬ್ಬ ಮುದುಕನ ಸೊಂಟನೋವು ಒಂದು ಇಡೀ ಕುಲದ ಮಾನ ಕಳೆಯಿತು.

ನನಗೆ ಈ ಪ್ರಸಂಗದಲ್ಲಿ ಇನ್ನೊಂದು ವಿಷಯ ಮುಖ್ಯವಾಗಿ ಕಾಣುತ್ತದೆ. ಲ್ಯಾಪ್‌ಟಾಪು, ಸ್ಕೂಟರು, ಮೊಬೈಲು ಒಂದೂ ಇಲ್ಲದ ಸುಮಾರು ಐವತ್ತು ಸಾವಿರ ವರ್ಷಗಳ ಹಿಂದೆಯೂ ಬೆನ್ನೆಲುಬು ಸವೆಯುತ್ತಿತ್ತು. ಹಲ್ಲು ಬಹುಪಾಲು ಉದುರಿ, ಬೆನ್ನೂ ಕೆಟ್ಟಿದ್ದ ಆ ಮನುಷ್ಯ ಹಾಗೆಯೇ ಬದುಕಿಯೂ ಇದ್ದ.

ಈಗ ನಮ್ಮ ಕಾಲಕ್ಕೆ ಬರೋಣ. ರೋಗಿ ಒಳಗೆ ಬಂದು ಕೂರುವುದಕ್ಕೂ ಮೊದಲು ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರು ಮೇಜಿನ ಮೇಲೆ ಬರುತ್ತದೆ. ಈಚೆಗೆ ಒಬ್ಬ ಹೆಂಗಸು ಬಂದಿದ್ದರು, ಐವತ್ತೈದರ ಆಸುಪಾಸಿನವರು, ತೆಂಗಿನ ತೋಟದಲ್ಲಿ ಕೆಲಸ ಮಾಡುವವರು.

"ಡಾಕ್ಟ್ರೇ, ನಾಕು ಐದ್ರಲ್ಲಿ ಗ್ಯಾಪ್ ಬಂದೈತಂತೆ. ನರ ಒತ್ಕಂಡೈತಂತೆ. ಬಗ್ಗಂಗಿಲ್ಲ, ಕೊಡ ಎತ್ತಂಗಿಲ್ಲ ಅಂದವ್ರೆ."

"ಯಾರಮ್ಮ ಹಂಗಂದಿದ್ದು?"

"ಸ್ಕ್ಯಾನಿಂಗ್ ಹುಡುಗ."

ವರದಿಯಲ್ಲಿ "ಡಿಫ್ಯೂಸ್ ಡಿಸ್ಕ್ ಬಲ್ಜ್, ಇಂಡೆಂಟಿಂಗ್ ದ ಥೀಕಲ್ ಸ್ಯಾಕ್" ಎಂದಿತ್ತು, ಅಂದರೆ ಡಿಸ್ಕ್ ಉಬ್ಬಿ ನರಗಳ ಚೀಲಕ್ಕೆ ಒತ್ತಿದೆ ಎಂದು. ನೋವಿರುವ ಜಾಗ ತೋರಿಸಿ ಎಂದೆ. ಅವರ ಬೆರಳು ಬೆನ್ನಿಗೆ ಹೋಗಲೇ ಇಲ್ಲ. ತೊಡೆಯ ಹೊರಬದಿ, ಮಗ್ಗುಲಾಗಿ ಮಲಗಿದರೆ ಹಾಸಿಗೆಗೆ ಒತ್ತುವ ಎಲುಬಿನ ಉಬ್ಬು ಇದೆಯಲ್ಲ, ಅಲ್ಲಿಗೆ ಹೋಯಿತು. ಹೆಬ್ಬೆರಳಿನಿಂದ ಅಲ್ಲಿ ಒತ್ತಿದರೆ ಬೆಚ್ಚಿಬಿದ್ದರು. ಬಗ್ಗಿ ಎಂದರೆ ಸಲೀಸಾಗಿ ಬಗ್ಗಿ ನೆಲ ಮುಟ್ಟಿದರು. ಮುಟ್ಟಿದ ಮೇಲೆ "ಬಗ್ಗಬಾರದಿತ್ತಲ್ವಾ?" ಎಂದು ಗಾಬರಿಯಾದರು. ಸ್ನಾಯುವಿನ ಬುಡದಲ್ಲಿದ್ದ ನೋವಿಗೆ ಬೆನ್ನೆಲುಬಿನ ಹೆಸರಿಟ್ಟು, ತಿಂಗಳುಗಟ್ಟಲೆ ಅವರನ್ನು ಮನೆಯಲ್ಲಿ ಕೂರಿಸಲಾಗಿತ್ತು.

ಹಾಗಾದರೆ ಸವೆತ ಎಂದರೇನು? ನಮ್ಮ ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಮಣಿಗಳು ಬಿಡಿಬಿಡಿಯಾಗಿವೆ. ಮಣಿ ಮಣಿಗಳ ನಡುವೆ, ಮುಂಭಾಗದಲ್ಲಿ ಡಿಸ್ಕ್ ಇರುತ್ತದೆ: ಹೊರಗೆ ಪದರ ಪದರವಾದ ನಾರು, ಒಳಗೆ ನೀರು ತುಂಬಿದ ಲೋಳೆ. ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲು. ಇವಕ್ಕೆ ಫ್ಯಾಸೆಟ್ ಕೀಲು ಎನ್ನುತ್ತೇವೆ. ಮಂಡಿಯಲ್ಲಿರುವಂತೆಯೇ ಇವಕ್ಕೂ ಮೃದ್ವಸ್ಥಿಯ ಹೊದಿಕೆ, ಜಾರಿಕೆಗೆ ದ್ರವ, ಸುತ್ತ ಚೀಲ ಎಲ್ಲ ಉಂಟು. ಬೆನ್ನೆಲುಬಿನ ಆಸ್ಟಿಯೋ ಆರ್ಥ್ರೈಟಿಸ್ ಎಂದು ಕಟ್ಟುನಿಟ್ಟಾಗಿ ಹೇಳಬೇಕಾದದ್ದು ಈ ಕೀಲುಗಳ ಸವೆತಕ್ಕೆ. ಆದರೆ ಡಿಸ್ಕ್ ಮತ್ತು ಕೀಲು ಬೇರೆ ಬೇರೆ ಸಂಸಾರ ಮಾಡುವುದಿಲ್ಲ. ದೊಡ್ಡವರಾದ ಮೇಲೆ ಡಿಸ್ಕಿಗೆ ನೇರ ರಕ್ತನಾಳವಿಲ್ಲ. ಮೇಲಿನ ಕೆಳಗಿನ ಎಲುಬುಗಳ ತಟ್ಟೆಯ ಮೂಲಕ ಒಸರಿ ಬಂದದ್ದರಲ್ಲೇ ಅದು ಬದುಕಬೇಕು. ವಯಸ್ಸಾದಂತೆ ನೀರು ಕಳೆದುಕೊಂಡು ತಗ್ಗುತ್ತದೆ. ಡಿಸ್ಕ್ ತಗ್ಗಿದರೆ ಭಾರ ಹಿಂದಿನ ಕೀಲುಗಳ ಮೇಲೆ ಬೀಳುತ್ತದೆ. ಅವುಗಳ ಮೃದ್ವಸ್ಥಿ ತೆಳುವಾಗುತ್ತದೆ, ಅಂಚಿನಲ್ಲಿ ಎಲುಬಿನ ಮುಳ್ಳು ಏಳುತ್ತದೆ, ಒಳಗಿನ ಹಳದಿ ಬಣ್ಣದ ಕಟ್ಟು ದಪ್ಪಗಾಗುತ್ತದೆ. ಇಷ್ಟು ಒಟ್ಟಿಗೆ ಸೇರಿದ್ದಕ್ಕೆ ಸ್ಪಾಂಡಿಲೋಸಿಸ್ ಎನ್ನುತ್ತಾರೆ. ಕತ್ತಿನಲ್ಲೂ ಸೊಂಟದಲ್ಲೂ ಹೆಚ್ಚು, ಎದೆಯ ಭಾಗದಲ್ಲಿ ಕಡಿಮೆ. ಪಕ್ಕೆಲುಬುಗಳು ಅಲ್ಲಿ ಆಚೀಚೆ ಅಲ್ಲಾಡಲು ಬಿಡುವುದಿಲ್ಲ.

ಇದು ಯಾರಲ್ಲಿ ಇರುತ್ತದೆ ಎಂದು ಕೇಳಿದರೆ, ಹೆಚ್ಚುಕಡಿಮೆ ಎಲ್ಲರಲ್ಲೂ. 2015ರಲ್ಲಿ ಅಮೆರಿಕದ ಬ್ರಿಂಜಿಕ್ಜಿ ಮತ್ತು ಸಂಗಡಿಗರು 33 ಅಧ್ಯಯನಗಳನ್ನು ಒಟ್ಟುಗೂಡಿಸಿ, ಬೆನ್ನು ನೋವೇ ಇಲ್ಲದ 3,110 ಜನರ ಸ್ಕ್ಯಾನುಗಳ ಲೆಕ್ಕ ತೆಗೆದರು. ನೋವೇ ಇಲ್ಲದವರು ಎಂಬುದನ್ನು ದಯವಿಟ್ಟು ಗಮನಿಸಿ. ಇಪ್ಪತ್ತರ ಹರೆಯದಲ್ಲೇ ಶೇಕಡಾ 37 ಜನರ ಡಿಸ್ಕ್ ಸವೆದಿತ್ತು, ಎಂಬತ್ತರಲ್ಲಿ ಶೇಕಡಾ 96. ಡಿಸ್ಕ್ ಉಬ್ಬಿದವರು ಇಪ್ಪತ್ತರಲ್ಲಿ ಶೇಕಡಾ 30, ಎಂಬತ್ತರಲ್ಲಿ 84. ಹಿಂದಿನ ಕೀಲುಗಳ ಸವೆತ ಶೇಕಡಾ 4ರಿಂದ 83ಕ್ಕೆ ಏರಿತ್ತು. ತಲೆಗೂದಲು ನರೆತದ್ದನ್ನು ಕಂಡು ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಬಣ್ಣ ಹಚ್ಚುತ್ತೇವೆ, ಅದು ಬೇರೆ ಮಾತು. ಬೆನ್ನು ನರೆತದ್ದಕ್ಕೆ ಮಾತ್ರ ಫಿಲಂ ತೆಗೆದು, ಇಂಗ್ಲಿಷಿನಲ್ಲಿ ಭಯಂಕರ ಹೆಸರಿಟ್ಟು, ಮನೆಮಂದಿಯನ್ನೆಲ್ಲ ಕಂಗಾಲು ಮಾಡುತ್ತೇವೆ. "ಈ ವಯಸ್ಸಿಗೆ ಸಹಜ" ಎಂಬ ಒಂದು ಸಾಲನ್ನು ವರದಿಯ ಕೊನೆಯಲ್ಲಿ ಸೇರಿಸಿದರೆ ರೇಡಿಯಾಲಜಿಯ ನನ್ನ ಮಿತ್ರರಿಗೆ ಏನೂ ನಷ್ಟವಿಲ್ಲ.

ಇದರರ್ಥ ನೋವು ಸುಳ್ಳು ಎಂದಲ್ಲ. ಸವೆದ ಫ್ಯಾಸೆಟ್ ಕೀಲು ನೋಯಬಲ್ಲದು. ಬೆಳಿಗ್ಗೆ ಎದ್ದಾಗ ಬಿಗಿತ, ಹತ್ತಿಪ್ಪತ್ತು ನಿಮಿಷ ಓಡಾಡಿದರೆ ಸಡಿಲ. ಹಿಂದಕ್ಕೆ ಬಾಗಿದರೆ, ಬಹಳ ಹೊತ್ತು ನಿಂತರೆ ಹೆಚ್ಚು. ಮದುವೆ ಮನೆಯಲ್ಲಿ ಬಡಿಸಿ ಬಂದ ಮಾರನೆಯ ದಿನದ ನೋವು ಬಹುತೇಕ ಇದೇ. ನನ್ನ ತಕರಾರು ಇಷ್ಟೇ: ಚಿತ್ರದಲ್ಲಿ ಎಷ್ಟು ಸವೆದಿದೆ ಎಂಬುದರಿಂದ ನೋವೆಷ್ಟು ಎಂದು ಅಳೆಯಲಾಗದು, ಆ ಮನುಷ್ಯ ಇನ್ನೇನು ಮಾಡಬಲ್ಲ ಎಂಬುದನ್ನಂತೂ ಹೇಳಲೇ ಆಗದು. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಾದರೆ, ಕೆಲಸ ಹೋದೀತೆಂಬ ಭಯವಿದ್ದರೆ ಅದೇ ಸವೆತ ಎರಡರಷ್ಟು ನೋಯುತ್ತದೆ.

ಕಾರಣ ಹುಡುಕುವಾಗ ನಾವು ಮೊದಲು ದೂರುವುದು ಕೆಲಸವನ್ನು. ಫಿನ್ಲೆಂಡಿನಲ್ಲಿ ಮಿಷೆಲ್ ಬಟ್ಟಿಯೆ, ಟಾಪಿಯೋ ವಿಡೆಮನ್ ಮತ್ತು ಜೊತೆಗಾರರು 115 ಜೋಡಿ ಏಕರೂಪ ಅವಳಿ ಗಂಡಸರ ಬೆನ್ನುಗಳನ್ನು ಸ್ಕ್ಯಾನ್ ಮಾಡಿ 1995ರಲ್ಲಿ ಪ್ರಕಟಿಸಿದರು. ಅಣ್ಣ ಜೀವಮಾನವಿಡೀ ಭಾರ ಹೊತ್ತಿರಬಹುದು, ತಮ್ಮ ಕುರ್ಚಿಯಲ್ಲಿ ಕೂತಿರಬಹುದು. ಆದರೂ ಡಿಸ್ಕುಗಳ ಸವೆತ ಹೆಚ್ಚಾಗಿ ಒಂದೇ ಬಗೆಯಲ್ಲಿತ್ತು. ದುಡಿಮೆಗಿಂತ ಹುಟ್ಟಿನ ಪಾಲು ದೊಡ್ಡದು ಎಂದಾಯಿತು. ಈ ಅಧ್ಯಯನವನ್ನು ಓದಿ ಎಪಿಎಂಸಿಯ ಹಮಾಲರಿಗೆ "ಹೊರಿ, ಏನಾಗುವುದಿಲ್ಲ" ಎನ್ನುವ ಧೈರ್ಯ ನನಗಿಲ್ಲ. ಚಿತ್ರದಲ್ಲಿ ಕಾಣುವ ಸವೆತ ಬೇರೆ, ಐವತ್ತು ಕೆ.ಜಿ. ಸಿಮೆಂಟಿನ ಮೂಟೆಯನ್ನು ದಿನವಿಡೀ ಲಾರಿಯಿಂದ ಇಳಿಸುವ ಕತ್ತಿನ ನೋವು ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ, ಒಬ್ಬ ಗಂಡಾಳು ಹೊರುವ ಭಾರದ ಮಿತಿ 55 ಕೆ.ಜಿ.ಗಿಂತ ಹೆಚ್ಚಿದ್ದಲ್ಲಿ ಅದನ್ನು ಇಳಿಸಬೇಕೆಂದು ಶಿಫಾರಸು ಮಾಡಿತು. ಬರೆದವರು ಆ ಭಾರವನ್ನು ಒಮ್ಮೆ ಹೊತ್ತು ನೋಡಿದ್ದರೆ ಅಂಕಿ ಇನ್ನೂ ಕೆಳಗಿಳಿಯುತ್ತಿತ್ತೇನೋ.

ನಮ್ಮ ನಾಡಿನ ವೈದ್ಯರು ಸವೆತ ಎಂದು ಷರಾ ಬರೆಯುವ ಮುನ್ನ ಇನ್ನೆರಡು ಮೂರು ವಿಷಯ ಯೋಚಿಸಬೇಕು. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ರೋಗಿಯ ಬೆನ್ನು ಹಲಗೆಯಂತೆ ಸೆಟೆದುಕೊಂಡಿದ್ದರೆ ಯಾವ ಬೋರ್‌ವೆಲ್ ನೀರು ಕುಡಿಯುತ್ತಾರೆ ಎಂದು ಕೇಳಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲವೆಂದರೆ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಎಷ್ಟೋ ಪಟ್ಟು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬಿನ ಕಟ್ಟುಗಳೇ ಗಟ್ಟಿಯಾಗುತ್ತವೆ, ಎಲುಬಿನ ಮುಳ್ಳುಗಳು ಬೆಳೆಯುತ್ತವೆ. ಬೆನ್ನಿನ ಎಕ್ಸ್‌ರೇಯಲ್ಲಿ ಅದು ಸವೆತದಂತೆಯೇ ಕಾಣಬಹುದು. ಮುಂಗೈಯ ಎಕ್ಸ್‌ರೇ ತೆಗೆಸಿದರೆ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಂಡು ಗುಟ್ಟು ಬಯಲಾಗುತ್ತದೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಕತೆಯೂ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಎಪ್ಪತ್ತರ ದಶಕದ ನಡುವಿನಲ್ಲಿ ಅಲ್ಲಿನ ಬಡ ಕುಟುಂಬಗಳಲ್ಲಿ ಸೊಂಟ, ಬೆನ್ನು ಹಿಡಿದುಕೊಂಡು ಜನ ನಡೆಯಲಾರದಾದರು. ಗದ್ದೆಗೆ ಹೊಡೆದ ಕೀಟನಾಶಕ ಸೇರಿದ ಏಡಿ ತಿಂದದ್ದೇ ಕಾರಣವಿರಬೇಕು ಎಂಬ ಗುಮಾನಿ ಮೊದಲಿಗೆ ಬಂತು. ಕೊನೆಗೆ ಅದು ವಂಶವಾಹಿಯಲ್ಲಿ ಬರುವ ಎಲುಬಿನ ಕಾಯಿಲೆ ಎಂದು ತಿಳಿಯಿತು. ನಲವತ್ತರೊಳಗಿನ ಹುಡುಗ ಬೆಳಗಿನ ಜಾವದ ನೋವಿಗೆ ಎಚ್ಚರಗೊಳ್ಳುತ್ತಿದ್ದರೆ, ಬಿಗಿತ ಅರ್ಧ ಗಂಟೆ ಮೀರಿದರೆ, ಮಲಗಿದಷ್ಟೂ ಹೆಚ್ಚಾಗಿ ಓಡಾಡಿದರೆ ಇಳಿದರೆ, ಅದು ಉರಿಯೂತದ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದು. ಅದರ ದಾರಿಯೇ ಬೇರೆ, ಔಷಧಿಯೂ ಬೇರೆ.

ಸವೆತದಿಂದ ಬರುವ ತೊಂದರೆಗಳಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನರದ ಕಾಲುವೆ ಕಿರಿದಾಗುವುದರ ಬಳಿ. ಅರವತ್ತು ದಾಟಿದವರಲ್ಲಿ ಇದು ಸಾಮಾನ್ಯ. ರೋಗಿ ಹೇಳುವುದು ಹೀಗೆ: "ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂರಬೇಕು. ಕಾಲು ಜೋಮು ಹಿಡಿಯುತ್ತದೆ, ಭಾರವಾಗುತ್ತದೆ. ಕೂತರೆ ಎರಡು ನಿಮಿಷದಲ್ಲಿ ಏನೂ ಇಲ್ಲ." ಮುಂದಕ್ಕೆ ಬಾಗಿದಾಗ ಕಾಲುವೆ ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗುತ್ತದೆ. ಅದಕ್ಕೇ ಚಾಮುಂಡಿ ಬೆಟ್ಟ ಹತ್ತುವಾಗ ಹೇಗೋ ಸಾಗುತ್ತದೆ, ಇಳಿಯುವಾಗ ಕಾಲು ಸೋಲುತ್ತದೆ. ಅರ್ಧ ಕಿಲೋಮೀಟರು ನಡೆಯಲಾರದವರು ಸೈಕಲ್ಲಿನ ಮೇಲೆ ನಾಲ್ಕು ಕಿಲೋಮೀಟರು ಹೋಗಿ ಹಾಲು ಹಾಕಿ ಬರುತ್ತಾರೆ. ಮನೆಯವರಿಗೆ ಇದು ನಾಟಕದಂತೆ ಕಾಣುತ್ತದೆ. ಖಂಡಿತ ನಾಟಕವಲ್ಲ. ಇದನ್ನೇ ಹೋಲುವ ಇನ್ನೊಂದು ಕಾಯಿಲೆ ಕಾಲಿನ ರಕ್ತನಾಳ ಕಟ್ಟಿಕೊಳ್ಳುವುದು, ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಅವರಿಗೆ ಕೂರಬೇಕಾಗಿಲ್ಲ, ಸುಮ್ಮನೆ ನಿಂತರೂ ನೋವು ಇಳಿಯುತ್ತದೆ. ಕೂತರೆ ಹೋಗುತ್ತದೆಯೋ, ನಿಂತರೂ ಹೋಗುತ್ತದೆಯೋ ಎಂಬ ಒಂದು ಪ್ರಶ್ನೆ ಎಷ್ಟೋ ಸಲ ಸ್ಕ್ಯಾನಿಗಿಂತ ಮೊದಲೇ ದಾರಿ ತೋರಿಸುತ್ತದೆ. ಕಾಲುವೆ ಕಿರಿದಾದವರಿಗೆ ತುಸು ಮುಂದೆ ಬಾಗಿ ಊರುಗೋಲು ಹಿಡಿದು ನಡೆಯಲು ನಾಚಿಕೆ ಬೇಡ. ನೆಟ್ಟಗೆ ನಡಿ ಎಂದು ಅವರ ಬೆನ್ನು ತಟ್ಟುವವರು ಸುಮ್ಮನಿದ್ದರೆ ಉಪಕಾರ.

ಇನ್ನು ಆರೈಕೆ. ಮುಂದೆ ಹೇಳುವ ಅಧ್ಯಯನಗಳು ಸವೆತವೊಂದನ್ನೇ ಹಿಡಿದು ಮಾಡಿದವಲ್ಲ, ಸೊಂಟನೋವಿನ ಮೇಲೆ ಮಾಡಿದವು. ಆದರೂ ದಾರಿ ಸ್ಪಷ್ಟವಿದೆ.

ಹಾಸಿಗೆ ಹಿಡಿಯುವುದು ಬೇಡ. 1986ರಲ್ಲಿ ಅಮೆರಿಕದ ರಿಚರ್ಡ್ ಡೇಯೊ ಮತ್ತು ಸಂಗಡಿಗರು ಏಳು ದಿನದ ವಿಶ್ರಾಂತಿಯನ್ನು ಎರಡು ದಿನದ ವಿಶ್ರಾಂತಿಗೆ ಹೋಲಿಸಿದರು. ಹೆಚ್ಚು ಮಲಗಿದವರಿಗೆ ಏನೂ ಲಾಭವಾಗಲಿಲ್ಲ, ಕೆಲಸ ಮಾತ್ರ ಹೆಚ್ಚು ದಿನ ತಪ್ಪಿತು. 1995ರಲ್ಲಿ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಗುಂಪು ಮಲಗಿತು, ಒಂದು ಗುಂಪು ವ್ಯಾಯಾಮ ಮಾಡಿತು, ಇನ್ನೊಂದು ನೋವು ತಾಳುವಷ್ಟು ಎಂದಿನ ಕೆಲಸ ಮಾಡಿಕೊಂಡಿತು. ಬೇಗ ಸುಧಾರಿಸಿದವರು ಮೂರನೆಯವರು. ನೋವು ಕೆರಳಿದ ದಿನಗಳಲ್ಲೂ ಕಸರತ್ತು ಮಾಡಿ ಎಂದು ಬೆನ್ನು ಹತ್ತುವ ನಮ್ಮಂಥವರಿಗೂ ಅದರಲ್ಲಿ ಪಾಠವಿದೆ.

ನೆಲದ ಮೇಲೆ, ಹಲಗೆಯ ಮೇಲೆ ಮಲಗಿ ಎಂಬ ಸಲಹೆ ನಮ್ಮಲ್ಲಿ ವೇದವಾಕ್ಯವಾಗಿದೆ. 2003ರಲ್ಲಿ ಸ್ಪೇನಿನಲ್ಲಿ 313 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಗಟ್ಟಿ ಹಾಸಿಗೆಗಿಂತ ನಡುಮಟ್ಟದ ಗಟ್ಟಿತನದ ಹಾಸಿಗೆಯೇ ಮೇಲೆನಿಸಿತು. ಎಪ್ಪತ್ತರ ಅಜ್ಜಿಯನ್ನು ಚಾಪೆಯ ಮೇಲೆ ಮಲಗಿಸಿದರೆ ಬೆಳಿಗ್ಗೆ ಅವರು ಮೇಲೇಳುವುದು ಹೇಗೆ ಎಂದು ಸಲಹೆ ಕೊಟ್ಟವರು ಯೋಚಿಸಿರುವುದಿಲ್ಲ. ಬೆಲ್ಟಿನ ವಿಷಯವೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಹೊರಡಿಸಿದ ಮಾರ್ಗಸೂಚಿ, ರೂಢಿಯಂತೆ ಬೆಲ್ಟು ಕಟ್ಟುವುದು, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಶಾಖ, ಇವು ಬೇಡ ಎಂದಿದೆ. ನಮ್ಮ ಊರುಗಳ ಫಿಸಿಯೋಥೆರಪಿ ಕೋಣೆಗಳಲ್ಲಿ ಹೆಚ್ಚು ಜಾಗ ಹಿಡಿದಿರುವುದು ಈ ಯಂತ್ರಗಳೇ. ಬಿಸಿನೀರಿನ ಚೀಲ ಹಿತವೆನಿಸಿದರೆ ಇಟ್ಟುಕೊಳ್ಳಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನಡಿಗೆಯ ವಿಷಯದಲ್ಲಿ ಮಾತ್ರ ನಾನು ಉದಾರಿ. ಆಸ್ಟ್ರೇಲಿಯಾದಲ್ಲಿ ಸೊಂಟನೋವಿನಿಂದ ಚೇತರಿಸಿಕೊಂಡ 701 ಜನರನ್ನು ತೆಗೆದುಕೊಂಡು, ಒಂದು ಗುಂಪಿಗೆ ಹಂತ ಹಂತವಾಗಿ ನಡಿಗೆ ಹೆಚ್ಚಿಸಲು ಕಲಿಸಿ, ಇನ್ನೊಂದನ್ನು ಅದರ ಪಾಡಿಗೆ ಬಿಟ್ಟರು. 2024ರಲ್ಲಿ ಬಂದ ಫಲಿತಾಂಶದಂತೆ, ಸುಮ್ಮನಿದ್ದವರಿಗೆ ನೋವು ಮರಳಿದ ನಡುವಣ ಅವಧಿ 112 ದಿನ, ನಡೆದವರಿಗೆ 208 ದಿನ. ಕಾಸು ಖರ್ಚಿಲ್ಲದ ಚಿಕಿತ್ಸೆಗೆ ಇದು ಕಡಿಮೆ ಫಲವೇನಲ್ಲ. ಯೋಗವೂ ಒಳ್ಳೆಯದೇ. ಬೆಂಗಳೂರಿನ ಹೊರವಲಯದ ಪ್ರಶಾಂತಿ ಕುಟೀರದಲ್ಲಿ 80 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ, ಒಂದು ವಾರದ ಶಿಬಿರದಲ್ಲೇ ನೋವಿನಿಂದಾಗುವ ಅಡಚಣೆ ಇಳಿದು ಬೆನ್ನು ಬಾಗುವ ಸಾಮರ್ಥ್ಯ ಹೆಚ್ಚಿದ್ದನ್ನು ತೋರಿಸಿತು. 2011ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯೋಗವನ್ನು ಸಾದಾ ಮೈಎಳೆತದ ವ್ಯಾಯಾಮಕ್ಕೆ ಹೋಲಿಸಿದಾಗ ಎರಡೂ ಸಮಸಮ ಬಂದವು. ಆದ್ದರಿಂದ ಯಾವುದನ್ನು ಮುಂದಿನ ವರ್ಷವೂ ಮಾಡುತ್ತೀರೋ ಅದೇ ನಿಮಗೆ ತಕ್ಕ ವ್ಯಾಯಾಮ. ಕಾಲುವೆ ಕಿರಿದಾದವರು ಭುಜಂಗಾಸನದಂತೆ ಹಿಂದಕ್ಕೆ ಬಾಗುವ ಆಸನಗಳನ್ನು ಬಿಡಿ. ಕತ್ತಿನ ಸವೆತವಿದ್ದವರು ಶೀರ್ಷಾಸನದ ತಂಟೆಗೆ ಹೋಗಬೇಡಿ.

ಮನೆಗೆಲಸದಲ್ಲಿ ಬದಲಾಯಿಸಬಹುದಾದದ್ದು ಬಹಳ. ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಎತ್ತಬೇಡಿ, ಚಕ್ರದ ಸ್ಟ್ಯಾಂಡಿನ ಮೇಲೆ ತಳ್ಳಿ. ಮೋಟು ಪೊರಕೆಗೆ ಉದ್ದ ಹಿಡಿ ಹಾಕಿಸಿ. ಇದರಲ್ಲಿ ಗಂಡಸರು ಮಾಡಬಹುದಾದ ಇನ್ನೂ ಸುಲಭದ ಬದಲಾವಣೆಯೊಂದಿದೆ: ಆ ಪೊರಕೆಯನ್ನು ತಾವೇ ಹಿಡಿಯುವುದು.

ಮಾತ್ರೆಗಳ ವಿಷಯ ಹೇಳದಿದ್ದರೆ ತಪ್ಪಾದೀತು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳು ನೋವು ಕೆರಳಿದ ಕೆಲವು ದಿನ ಉಪಯೋಗಕ್ಕೆ ಬರುತ್ತವೆ, ಅಲ್ಲಗಳೆಯುವುದಿಲ್ಲ. ಆದರೆ ರಾಮನಗರದ ರಾಮದೇವರ ಬೆಟ್ಟವನ್ನು ನೆನೆಸಿಕೊಳ್ಳಿ. 2012ರಲ್ಲಿ ಅದನ್ನು ರಣಹದ್ದುಗಳ ಧಾಮವೆಂದು ಘೋಷಿಸಬೇಕಾಗಿ ಬಂದದ್ದರ ಹಿಂದೆ ಇದೇ ಡೈಕ್ಲೋಫೆನಾಕ್ ಇದೆ. ಈ ಔಷಧಿ ಕೊಟ್ಟ ದನಗಳು ಸತ್ತಾಗ ಅವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ದೇಶದಾದ್ಯಂತ ಹದ್ದುಗಳು ನೆಲಕಚ್ಚಿದವು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮನುಷ್ಯನ ಮೂತ್ರಪಿಂಡ ಹದ್ದಿನದಷ್ಟು ನಾಜೂಕಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆ ಇದ್ದು, ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ ನುಂಗುವ ಹಿರಿಯರು ಮೆಡಿಕಲ್ ಸ್ಟೋರಿನಿಂದ "ಮೊನ್ನೆ ಕೊಟ್ಟದ್ದೇ ಕೊಡಪ್ಪ" ಎಂದು ತಿಂಗಳುಗಟ್ಟಲೆ ತಂದು ನುಂಗಿದರೆ ಮೂತ್ರಪಿಂಡ ತಾಳುವುದಿಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ಪವಾಡ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಅನುಮಾನಿಸಿ.

ಇಷ್ಟು ಹೊತ್ತು ಹೆದರಬೇಡಿ ಎಂದೆ. ಹೆದರಬೇಕಾದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿಕೊಂಡರೆ, ಮಲದ ಮೇಲೆ ಹತೋಟಿ ತಪ್ಪಿದರೆ, ಸೈಕಲ್ ಸೀಟಿಗೆ ತಾಗುವ ಜಾಗ ಮರಗಟ್ಟಿದರೆ, ಪಾದ ಮೇಲೆತ್ತಲು ಆಗದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನೆಲುಬಿನ ಕ್ಷಯವೋ ಗಡ್ಡೆಯೋ ಎಂದು ನೋಡಬೇಕು. ಕ್ಷಯ ಎಲುಬಿಗೆ ಇಳಿದರೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಯುವುದು ಬೆನ್ನೆಲುಬನ್ನೇ. ಕತ್ತಿನ ಸವೆತ ಬೆನ್ನುಹುರಿಯನ್ನೇ ಒತ್ತಿದಾಗ ಬಹಳ ಸಲ ನೋವೇ ಇರುವುದಿಲ್ಲ, ಅದೇ ಅಪಾಯ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ. ಅನ್ನ ಕಲಸುವಾಗ ತುತ್ತು ಕಟ್ಟಲಾಗುವುದಿಲ್ಲ. ಹವಾಯಿ ಚಪ್ಪಲಿ ಕಾಲಿನಿಂದ ಕಳಚಿ ನಾಲ್ಕು ಹೆಜ್ಜೆ ಹಿಂದೆ ಉಳಿದಿರುತ್ತದೆ, ಹಾಕಿಕೊಂಡವರಿಗೆ ಗೊತ್ತೇ ಆಗಿರುವುದಿಲ್ಲ. ರೋಗಿ ಬಾಗಿಲಿನಿಂದ ಕುರ್ಚಿಯವರೆಗೆ ನಡೆದು ಬರುವುದನ್ನು ನೋಡಬೇಕು ಎಂದು ನಮ್ಮ ಕಿರಿಯ ವೈದ್ಯರಿಗೆ ನಾನು ಹೇಳುವುದು ಇದಕ್ಕೇ. ಕವರು ಬಿಚ್ಚುವ ಗಡಿಬಿಡಿಯಲ್ಲಿ ಅದು ತಪ್ಪಿಹೋಗುತ್ತದೆ.

ಸ್ಕ್ಯಾನಿಗೂ ಶಸ್ತ್ರಚಿಕಿತ್ಸೆಗೂ ನಿಜವಾದ ಕೆಲಸವಿರುವುದು ಇಂಥಲ್ಲಿ. ಹುರಿ ಒತ್ತಿಕೊಂಡು ಕೈಕಾಲು ಸೋಲುತ್ತಿರುವವರಿಗೆ, ನರ ಒತ್ತಿ ಬಲ ಕುಂದುತ್ತಿರುವವರಿಗೆ, ಕಾಲುವೆ ಕಿರಿದಾಗಿ ತಿಂಗಳುಗಳ ಆರೈಕೆಯ ನಂತರವೂ ಬೀದಿಯ ತುದಿ ಮುಟ್ಟಲಾರದವರಿಗೆ ಶಸ್ತ್ರಚಿಕಿತ್ಸೆ ದೊಡ್ಡ ಉಪಕಾರ ಮಾಡುತ್ತದೆ. ಆದರೆ ಇಂಥವರಲ್ಲಿ ಕೆಲವರು ಹೆದರಿಕೆಯಿಂದ ತಡಮಾಡಿ ಬರುತ್ತಾರೆ. ಬರಿಯ ಸೊಂಟನೋವಿಗೆ, ಬರಿಯ ಚಿತ್ರ ನೋಡಿ ಮಣಿಗಳಿಗೆ ಸ್ಕ್ರೂ ಹಾಕಿ ಬೆಸೆಯುವುದು ಬೇರೆ ಸಂಗತಿ. ಯಾರಾದರೂ ಹಾಗೆ ಸೂಚಿಸಿದರೆ ಅವರನ್ನೇ ಕೇಳಿ: ಇದು ನೋವಿಗೋ, ನರಕ್ಕೋ? ಆರು ತಿಂಗಳು ಕಾದರೆ ಏನು ಕೆಡುತ್ತದೆ? ಮಾಡಿಸಿಕೊಂಡ ಮೇಲೆ ನಾನು ಯಾವ ಕೆಲಸ ಮಾಡಬಹುದು, ಯಾವುದು ಆಗದು? ಉತ್ತರ ನಿಮಗೆ ಅರ್ಥವಾಗುವ ಕನ್ನಡದಲ್ಲಿ ಬರುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.